ಖಾತೆ ಫ್ರೀಜ್ ಆಯಿತೇ? ಕೋರ್ಟಿನಲ್ಲಿ ಬಿಡಿಸಿಕೊಳ್ಳುವುದು ಹೀಗೆ

ಮಲ್ಪೆಯಲ್ಲಿ ಮೀನು ಮಾರಿದವರಿಗೂ ಮಂಗಳೂರಿನ ಹಂಪನಕಟ್ಟೆಯಲ್ಲಿ ಮೊಬೈಲ್ ಮಾರಿದವರಿಗೂ ಈ ಪಾಡು ಬರಬಹುದು. ಯಾರೋ ವಂಚಿಸಿ ಪಡೆದ ಹಣ ಯುಪಿಐ ಮೂಲಕ ನಿಮಗೆ ಬರುತ್ತದೆ, ಖಾತೆಯೇ ಬಂದ್ ಆಗುತ್ತದೆ. ಬ್ಯಾಂಕ್ ಮ್ಯಾನೇಜರ್ ಹತ್ತಿರ ಜಗಳ ಆಡಿ ಸುಮ್ನೆ ದಿನ ಕಳೆಯಬೇಡಿ.

ಮೊದಲು ಯಾವ ಠಾಣೆ, ಯಾವ ಕೇಸ್, ಎಷ್ಟು ಮೊತ್ತ, ಯಾವ ಸೆಕ್ಷನ್ ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ.

ಆಮೇಲೆ ಸೆಕ್ಷನ್ ನೋಡಿ. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 106 ಎಂದರೆ ಪೊಲೀಸರ ಜಪ್ತಿ. ಅದನ್ನು ಅವರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 107 ಎಂದರೆ ಕೋರ್ಟಿನ ಜಪ್ತಿ. ಅದರ ನೋಟಿಸ್ ಬಂದರೆ 14 ದಿನದೊಳಗೆ ಕಾರಣ ತೋರಿಸಬೇಕು, ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಬಹುದು. ಇ.ಡಿ. (ಜಾರಿ ನಿರ್ದೇಶನಾಲಯ) ಜಪ್ತಿಯ ದಾರಿಯೇ ಬೇರೆ, ಮುಂದೆ ಹೇಳುವ ಅರ್ಜಿ ಅಲ್ಲಿ ನಡೆಯುವುದಿಲ್ಲ.

ಜಾಸ್ತಿ ಜನ ಎಡವುವುದು ದಾಖಲೆಯಲ್ಲಿ. 'ನನಗೇನೂ ಗೊತ್ತಿಲ್ಲ ಸ್ವಾಮಿ' ಎಂದರೆ ಸಾಲದು. ಸ್ಟೇಟ್‌ಮೆಂಟಿನಲ್ಲಿ ಆ ಒಂದು ಜಮೆಯನ್ನು ಗುರುತು ಮಾಡಿ, ಅದರ ಪಕ್ಕಕ್ಕೆ ಅದೇ ದಿನದ ಬಿಲ್, ಜಿಎಸ್‌ಟಿ ಇನ್‌ವಾಯ್ಸ್, ವಾಟ್ಸ್ಆ್ಯಪ್ ಆರ್ಡರ್, ಸಾಮಾನು ಕಳಿಸಿದ ರಸೀದಿ ಎಲ್ಲವನ್ನೂ ಜೋಡಿಸಿ. ಮೀನಿನ ವ್ಯಾಪಾರವಾದರೆ ಬಿಲ್ ಇರುವುದು ಕಮ್ಮಿ ಅಲ್ವಾ, ಆಗ ಏಲಂ ಲೆಕ್ಕದ ಚೀಟಿ, ಐಸ್ ಮತ್ತು ಟೆಂಪೋ ಬಾಡಿಗೆಯ ರಸೀದಿ ಹುಡುಕಿ ತೆಗೆಯಿರಿ. ಹಿಂದಿನ ಕೆಲವು ತಿಂಗಳ ವಹಿವಾಟನ್ನೂ ಕೊಡಿ, ಇದು ನಿಮ್ಮ ಮಾಮೂಲಿ ವ್ಯಾಪಾರ ಎಂದು ಕಾಣಬೇಕು. ಹಳೇ ದಿನಾಂಕ ಹಾಕಿ ಬಿಲ್ ಬರೆಸುವ ಯೋಚನೆ ಬೇಡವೇ ಬೇಡ. ಇಲ್ಲದ ಕೇಸು ಆಗ ನಿಜವಾಗಿಯೂ ಹುಟ್ಟುತ್ತದೆ.

ಅರ್ಜಿಯಲ್ಲಿ ಎರಡು ಕೋರಿಕೆ ಇರಲೇಬೇಕು: ಪೂರ್ತಿ ಖಾತೆ ಬಿಡಿ, ಇಲ್ಲವಾದರೆ ವಿವಾದದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದು ಬಿಡಿ. 8,000 ರೂಪಾಯಿಯ ವಿವಾದಕ್ಕೆ 3 ಲಕ್ಷ ಯಾಕೆ ಸಿಕ್ಕಿಬೀಳಬೇಕು? ಎರಡನೆಯದನ್ನು ಬರೆಯದ ವಕೀಲರಿಗೆ ಹೇಳಿ ಬರೆಸಿ. ಬಾಂಡ್ (ಕೋರ್ಟಿಗೆ ಬರೆದುಕೊಡುವ ಮುಚ್ಚಳಿಕೆ) ಕೊಡಲು ತಯಾರಿದ್ದೇವೆ ಎಂದೂ ಸೇರಿಸಿ.

ಪೊಲೀಸ್ ಜಪ್ತಿಯಾದರೆ ಅದೇ ಕಾನೂನಿನ ಸೆಕ್ಷನ್ 503ರಲ್ಲಿ, ಆ ಠಾಣೆ ಯಾವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬರುತ್ತದೋ ಅಲ್ಲೇ ಅರ್ಜಿ. ಠಾಣೆ ಬೇರೆ ರಾಜ್ಯದ್ದಾದರೆ ಮಂಗಳೂರಿನಲ್ಲಿ ಹಾಕಿ ಕಾಯಬೇಡಿ, ಅಲ್ಲಿನ ವಕೀಲರನ್ನು ಹಿಡಿಯಿರಿ. 'ದುಡ್ಡು ಕೊಡಿ, ನಾಳೆಯೇ ತೆರೆಸುತ್ತೇವೆ' ಎನ್ನುವ ಟೆಲಿಗ್ರಾಂ ಏಜೆಂಟರು ಎರಡನೇ ವಂಚನೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಅರ್ಜಿ ವಜಾ ಆದರೆ ಸೆಷನ್ಸ್ ಕೋರ್ಟಿಗೆ ರಿವಿಷನ್ (ಆ ಆದೇಶದ ಮರುಪರಿಶೀಲನೆಯ ಅರ್ಜಿ), 90 ದಿನದೊಳಗೆ. ಆದೇಶ ಸಿಕ್ಕರೆ ದೃಢೀಕೃತ ಪ್ರತಿಯನ್ನು ಬ್ಯಾಂಕಿಗೂ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ, ಯುಪಿಐ ಕೂಡ ತೆರೆದಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.