ಕೈಯಲ್ಲಿ ಹೆಣೆದ ಸ್ವೆಟರ್, ಕುಲಾವಿ, ಕ್ರೋಶಾ: ನಾನು ಒಗೆದು ಇಡುವ ರೀತಿ

ಹೆಣೆದ ಬಟ್ಟೆಯನ್ನು ನೀರಿಗಿಳಿಸುವ ಮುಂಚೆ ದಾರ ಯಾವುದೆಂದು ಖಚಿತ ಮಾಡಿಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬ ಕೃತಕ ದಾರ. ನಿಜವಾದ ಉಣ್ಣೆ, ಅಕ್ರಿಲಿಕ್, ಹತ್ತಿ ಈ ಮೂರೂ ಬೇರೆ ಬೇರೆ ರೀತಿಯಲ್ಲಿ ಹಾಳಾಗುತ್ತವೆ.

ಉಂಡೆಯ ಲೇಬಲ್ ಕಳೆದುಹೋಗಿದ್ದರೆ ಉಳಿದ ದಾರದಿಂದ ಎರಡು ಇಂಚು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡುತ್ತೇನೆ. ಉಣ್ಣೆ ನಿಧಾನವಾಗಿ ಉರಿದು, ಬೆಂಕಿಯಿಂದ ತೆಗೆದೊಡನೆ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಬೇಗ ಉರಿಯುತ್ತದೆ. ಅಕ್ರಿಲಿಕ್ ಕರಗಿ, ಕಪ್ಪು ಹೊಗೆ ಬಿಟ್ಟು, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಕೂದಲಿನ ವಾಸನೆಯೂ ಮಣಿಯೂ ಎರಡೂ ಕಂಡರೆ ಅದು ಮಿಶ್ರ ದಾರ. ಅದನ್ನು ಉಣ್ಣೆಯೆಂದೇ ಎಣಿಸಿ ಒಗೆಯುತ್ತೇನೆ.

ಉಣ್ಣೆಯ ಎಳೆಯ ಮೈಮೇಲೆ ಸೂಕ್ಷ್ಮವಾದ ಹುರುಪೆಗಳಿವೆ. ಬಿಸಿನೀರು, ಕ್ಷಾರ, ತಿಕ್ಕಾಟ ಮೂರೂ ಸೇರಿದಾಗ ಒಂದು ಎಳೆಯ ಹುರುಪೆ ಇನ್ನೊಂದರೊಳಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರ ಸ್ವೆಟರ್ ಮಗುವಿನ ಅಳತೆಗೆ ಇಳಿಯುವುದು ಹೀಗೆ, ಮತ್ತೆ ಅದನ್ನು ಬಿಡಿಸಲು ಆಗುವುದಿಲ್ಲ. ಆದ್ದರಿಂದ ಒಂದು ಸ್ವೆಟರಿಗೆ 5 ಲೀಟರ್ ನೀರು ತೆಗೆದುಕೊಂಡು, 30 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇನೆ. ಮುಂಗೈ ಅದ್ದಿದರೆ ಬಿಸಿಯೂ ತಂಪೂ ಅನ್ನಿಸಬಾರದು. ಈಜಿಯಂಥ ಉಣ್ಣೆಬಟ್ಟೆಯ ದ್ರಾವಣ ಒಂದೆರಡು ಟೀ ಚಮಚ ಸಾಕು. ದಿನಬಳಕೆಯ ಸೋಪಿನ ಪುಡಿ ಬೇಡವೇ ಬೇಡ: ಅದರಲ್ಲಿ ಕ್ಷಾರ ಹೆಚ್ಚು, ಜೊತೆಗೆ ರಕ್ತ, ಹಾಲಿನ ಕಲೆ ತೆಗೆಯಲೆಂದು ಹಲವು ಪುಡಿಗಳಲ್ಲಿ ಹಾಕುವ, ಪ್ರೋಟೀನನ್ನು ಒಡೆಯುವ ಕಿಣ್ವಕ್ಕೆ (ಎನ್‌ಜೈಮ್) ಉಣ್ಣೆಯೂ ಪ್ರೋಟೀನೇ. ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ಅಂಟುವಾಳ ಸಿಗುವವರು ಅದನ್ನೇ ಬಳಸಬಹುದು. ಬೀಜ ತೆಗೆದ 8–10 ಕಾಯಿಯ ಸಿಪ್ಪೆಯನ್ನು ರಾತ್ರಿ ಅರ್ಧ ಲೀಟರ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಎರಡು ಸಲ ಬಟ್ಟೆಯಲ್ಲಿ ಸೋಸಿ ಟಬ್ಬಿಗೆ ಹಾಕುತ್ತೇನೆ. ಸೋಸದಿದ್ದರೆ ಸಿಪ್ಪೆಯ ಚೂರು ಕುಣಿಕೆಗಳಲ್ಲಿ ಸಿಕ್ಕಿ ಆರಿಸುವುದೇ ಕೆಲಸವಾಗುತ್ತದೆ. ಬಿಳಿ, ಕೆನೆ ಬಣ್ಣಕ್ಕೆ ಇದು ಬೇಡ. ರಸದ ಕಂದು ಛಾಯೆ ಹಿಡಿಯಬಹುದು.

ಇನ್ನು ನೀರಿನ ಭಾರದ ಮಾತು. ಕೊಳೆಗಿಂತ ಹೆಚ್ಚು ಸ್ವೆಟರುಗಳನ್ನು ಕೆಡಿಸುವುದು ಇದೇ ಎಂದು ನನ್ನ ಅಭಿಪ್ರಾಯ. ಒದ್ದೆ ಉಣ್ಣೆಗೆ ಶಕ್ತಿ ಕಡಿಮೆ, ಹೆಣಿಗೆಯ ಕುಣಿಕೆಗಳು ಎಳೆದ ಕಡೆಗೆ ಜಾರುತ್ತವೆ. ಭುಜ ಹಿಡಿದು ಎತ್ತಿದರೆ ತೋಳು ಮೊಣಕಾಲಿಗೆ ಬಂತೆಂದೇ ಲೆಕ್ಕ. ಅದಕ್ಕೆ ತೂತಿನ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಟಬ್ಬಿನೊಳಗೆ ಕೂರಿಸಿ, ಸ್ವೆಟರನ್ನು ಒಳಮೈ ಹೊರಗೆ ಮಾಡಿ ಅದರೊಳಗೆ ಇಡುತ್ತೇನೆ. ಅಂಗೈಯಿಂದ ಅದುಮಿ ಮುಳುಗಿಸಿ 10–15 ನಿಮಿಷ ಬಿಡುವುದು, ತಿಕ್ಕುವುದಿಲ್ಲ, ಕುಕ್ಕುವುದಿಲ್ಲ. ಆಮೇಲೆ ಬುಟ್ಟಿ ಸಮೇತ ಎತ್ತಿದರೆ ನೀರು ತಾನಾಗಿ ಸೋರುತ್ತದೆ. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಬೇಕು. ಬೆಚ್ಚನೆಯ ನೀರಿಂದ ಒಮ್ಮೆಲೇ ತಣ್ಣೀರಿಗೆ ಹಾಕಿ ಕುಲುಕಬಾರದು, ನಲ್ಲಿಯ ಧಾರೆ ನೇರ ಹೆಣಿಗೆಯ ಮೇಲೆ ಬೀಳಬಾರದು. ಎರಡು ಅಥವಾ ಮೂರು ನೀರು ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೆ ಕೊನೆಯ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕುತ್ತೇನೆ. ಉಳಿದ ಕ್ಷಾರ ಹೋಗಿ ದಾರ ಮೆತ್ತಗಾಗುತ್ತದೆ.

ಹಿಂಡುವುದು ಎಂದರೆ ತಿರುಚುವುದಲ್ಲ. ದಪ್ಪ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಚಾಪೆಯಂತೆ ಸುರುಳಿ ಸುತ್ತಿ, ಮೇಲೆ ಮಂಡಿಯೂರಿ ಒತ್ತಬೇಕು. ಒಣ ಟವೆಲಿನಲ್ಲಿ ಇನ್ನೊಮ್ಮೆ. ಸೆಮಿ ಆಟೊಮ್ಯಾಟಿಕ್ ಮೆಷಿನ್ ಇದ್ದರೆ ದಿಂಬಿನ ಕವರಿಗೆ ತುಂಬಿ, ಬಾಯಿ ಕಟ್ಟಿ, ಸ್ಪಿನ್ನರಿನಲ್ಲಿ ಒಂದು ನಿಮಿಷ ತಿರುಗಿಸಬಹುದು. ಅಲ್ಲಿ ಬಟ್ಟೆ ಗೋಡೆಗೆ ಅಂಟಿಕೊಂಡು ಸುತ್ತುತ್ತದೆಯೇ ಹೊರತು ಒಂದಕ್ಕೊಂದು ತಿಕ್ಕುವುದಿಲ್ಲ, ಆದ್ದರಿಂದ ಉಣ್ಣೆಗೂ ಅಪಾಯವಿಲ್ಲ.

ಒಗೆಯುವ ಮುಂಚೆಯೇ ಎದೆಯ ಅಗಲ, ಉದ್ದ, ತೋಳಿನ ಉದ್ದ ಟೇಪಿನಲ್ಲಿ ಅಳೆದು ಬರೆದಿಟ್ಟಿರುತ್ತೇನೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಪ್ಲಾಸ್ಟಿಕ್ ಪಟ್ಟಿಯ ಮಂಚದ ಮೇಲೆ ಟವೆಲ್ ಹಾಸಿ, ಅದೇ ಅಳತೆಗೆ ಸ್ವೆಟರನ್ನು ತಟ್ಟಿ ಕೂರಿಸುತ್ತೇನೆ. ಸೊಂಟದ, ಮುಂಗೈಯ ರಿಬ್ಬನ್ನು (ಹಿಗ್ಗುವ ಗೆರೆಗೆರೆ ಅಂಚು) ಎಳೆಯದೆ ಬೆರಳಿಂದ ಒತ್ತೊತ್ತಾಗಿ ಸೇರಿಸಬೇಕು, ಗುಂಡಿ ಹಾಕಿರಬೇಕು. ಅರ್ಧ ಒಣಗಿದ ಮೇಲೆ ಮಗುಚುವುದು. ತಂತಿ, ಗಳ, ಹ್ಯಾಂಗರ್ ಯಾವುದೂ ಬೇಡ.

ಅಕ್ರಿಲಿಕ್ ಉಣ್ಣೆಯಂತೆ ಕುಗ್ಗಿ ಗಟ್ಟಿಯಾಗುವುದಿಲ್ಲ. ಜಾಲರಿ ಚೀಲದಲ್ಲಿ ಹಾಕಿ ಮೆಷಿನ್ನಿನ ಜೆಂಟಲ್ ಸೈಕಲ್ಲಿನಲ್ಲಿ, ತಣ್ಣೀರಲ್ಲಿ ಒಗೆಯಬಹುದು. ತೂಗುಹಾಕುವುದು ಮಾತ್ರ ಅದಕ್ಕೂ ಬೇಡ. ಅದರ ಶತ್ರು ಶಾಖ. ಬಿಸಿ ಇಸ್ತ್ರಿಯೋ ಸ್ಟೀಮೋ ಹತ್ತಿರ ತಾಗಿದರೆ ಉಬ್ಬು ಹೋಗಿ, ಮಿಣಮಿಣ ಹೊಳೆದು, ಜೋತುಬೀಳುತ್ತದೆ. ಕೇಬಲ್ಲು (ಜಡೆಯಂಥ ಹೆಣಿಗೆ), ರಿಬ್ಬು ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಅಕ್ರಿಲಿಕ್ಕಿಗೆ ಇಸ್ತ್ರಿ ಹಾಕುವುದೇ ಇಲ್ಲ, ಅಳತೆಗೆ ತಟ್ಟಿ ಒಣಗಿಸಿದರೆ ಸಾಕಾಗುತ್ತದೆ.

ಹತ್ತಿ ದಾರದ ಕ್ರೋಶಾ ಗಟ್ಟಿ ಜಾತಿ. ಬಿಳಿಯದನ್ನು ಬಿಸಿನೀರು, ಮಾಮೂಲಿ ಸಾಬೂನಿನಲ್ಲಿ ಒಗೆಯಬಹುದು. ಕೆಂಪು, ಮರೂನು ಸೇರಿದ್ದರೆ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಆ ಭಾಗಕ್ಕೆ ಒತ್ತಿ ನೋಡುತ್ತೇನೆ. ಬಣ್ಣ ಹತ್ತಿದರೆ ನೆನೆಹಾಕದೆ, ತಣ್ಣೀರಲ್ಲಿ ಬೇಗ ಒಗೆದು, ಕೂಡಲೇ ಟವೆಲಿನಲ್ಲಿ ಒತ್ತಿ ತೆಗೆಯುತ್ತೇನೆ. ಟೇಬಲ್ ಮೇಲಿನ ದುಂಡು ಹಾಸುಬಟ್ಟೆಗೆ ಸಬ್ಬಕ್ಕಿ ಗಂಜಿ ಚೆನ್ನಾಗಿ ಕೂರುತ್ತದೆ: ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಬ್ಬಕ್ಕಿ, ಪಾರದರ್ಶಕ ಆಗುವವರೆಗೆ ಬೇಯಿಸಿ, ಸೋಸಿ, ಅದ್ದುವುದು. ಬಟ್ಟೆ ಹೊದಿಸಿದ ಥರ್ಮಕೋಲಿನ ಮೇಲೆ ನಡುವಿನಿಂದ ಹೊರಕ್ಕೆ ಹಿಗ್ಗಿಸುತ್ತಾ, ಪ್ರತಿ ತುದಿಗೂ ತುಕ್ಕು ಹಿಡಿಯದ ಪಿನ್ನು ಚುಚ್ಚಬೇಕು. ಗಂಜಿ ಹಾಕಿದ್ದನ್ನು ಹಾಗೇ ಪೆಟ್ಟಿಗೆಯಲ್ಲಿಡಬೇಡಿ, ಜಿರಳೆಗೂ ಬೆಳ್ಳಿಮೀನು (ಸಿಲ್ವರ್‌ಫಿಶ್) ಎಂಬ ಹುಳುವಿಗೂ ಅದು ಊಟ. ತೆಗೆದಿಡುವಾಗ ಗಂಜಿ ತೊಳೆದು, ಹಾಸುವಾಗ ಮತ್ತೆ ಹಾಕುವುದು ಕ್ಷೇಮ.

ಕಲೆಗಳಲ್ಲಿ ನಮ್ಮ ಮನೆಗಳದ್ದು ಮುಖ್ಯವಾಗಿ ಎರಡು. ಕುಲಾವಿಯ ಒಳಗಿನ ತಲೆ ಎಣ್ಣೆಗೆ ದ್ರಾವಣದ ಎರಡು ಹನಿಯನ್ನು ನೇರ ಹಚ್ಚಿ, 10 ನಿಮಿಷ ಬಿಟ್ಟು, ಬೆರಳಿಂದ ಅದುಮಬೇಕು. ಮಗು ಕಕ್ಕಿದ ಹಾಲಿಗೆ ಮೊದಲು ತಣ್ಣೀರೇ ಆಗಬೇಕು, ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ಹತ್ತಿಯ ಮೇಲಿನ ಅರಿಶಿನ ಸಾಬೂನಿಗೆ ಕೆಂಪಾದರೆ ಗಾಬರಿ ಬೇಡ, ಚೆನ್ನಾಗಿ ಜಾಲಿಸಿ ಬಿಸಿಲಿಗಿಟ್ಟರೆ ಮಾಸುತ್ತಾ ಹೋಗುತ್ತದೆ.

ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ಸ್ವೆಟರ್ ಮೈಮೇಲಿರುವುದು ಡಿಸೆಂಬರ್, ಜನವರಿಯಲ್ಲಿ; ಪೆಟ್ಟಿಗೆಯಲ್ಲಿರುವುದು ವರ್ಷದ ಉಳಿದ ಕಾಲ, ಮಳೆಗಾಲವೂ ಸೇರಿ. ಒಮ್ಮೆಯೇ ಹಾಕಿದ್ದರೂ ಒಗೆಯದೆ ಒಳಗಿಡುವುದಿಲ್ಲ. ಉಣ್ಣೆ ತಿನ್ನುವ ಹುಳು ಬೆವರು, ಆಹಾರದ ಕಲೆ ಇರುವಲ್ಲಿಂದಲೇ ಶುರುಮಾಡುತ್ತದೆ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಒಗೆದು, ಮುಟ್ಟಿದರೆ ಒಣಗಿದಂತೆ ಕಂಡ ಮೇಲೂ ಇನ್ನೊಂದು ದಿನ ಬಿಡುತ್ತೇನೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡ ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ, ಆ ತೇವವೇ ಮಲೆನಾಡು, ಕರಾವಳಿಯ ಆಷಾಢದಲ್ಲಿ ಬೂಷ್ಟಾಗುವುದು. ಪ್ಲಾಸ್ಟಿಕ್ ಚೀಲದ ಬದಲು ಹತ್ತಿಯ ದಿಂಬಿನ ಕವರು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಒಣಗಿದ ಬೇವಿನೆಲೆ ಇಡಬಹುದು, ಆದರೆ ಆಗಲೇ ಸೇರಿಕೊಂಡ ಹುಳುವನ್ನು ಅದು ಕೊಲ್ಲುತ್ತದೆಂದು ನಂಬಬೇಡಿ. ಶಿಶುಗಳ ಬಟ್ಟೆಯಲ್ಲಿ ನುಸಿಗುಳಿಗೆ ಖಂಡಿತ ಬೇಡ: ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆಯಿರುವ ಕೂಸಿಗೆ ಗುಳಿಗೆಯ ನ್ಯಾಫ್ತಲೀನಿನ ಆವಿಯಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಹುಳು ಕಂಡರೆ ಬಟ್ಟೆಯನ್ನು ಗಾಳಿ ತೆಗೆದ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವವೆಲ್ಲ ಬಟ್ಟೆಗೆ ಇಳಿಯುತ್ತದೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮೊಮ್ಮಗುವಿಗೆ ಹೆಣೆದು ಕಳಿಸುವವರು ದಾರದ ಲೇಬಲನ್ನು ಪೊಟ್ಟಣದೊಳಗೇ ಇಡಿ. ಅಲ್ಲಿನ ಹಲವು ಮನೆಗಳಲ್ಲಿ ಒಗೆದದ್ದು ನೇರ ಬಿಸಿಗಾಳಿಯ ಡ್ರೈಯರಿಗೆ ಹೋಗುವ ರೂಢಿ, ಉಣ್ಣೆಯೆಂದು ತಿಳಿಯದಿದ್ದರೆ ಒಂದೇ ಸುತ್ತಿಗೆ ಅದು ಬೊಂಬೆಯ ಅಂಗಿ. ಲೇಬಲಿನ ಜೊತೆ ಮೂರು ನಾಲ್ಕು ಮೀಟರ್ ದಾರವನ್ನೂ ಚಿಕ್ಕ ಜಾಲರಿ ಚೀಲದಲ್ಲಿ ಹಾಕಿ ಕಳಿಸಿ. ಪ್ರತಿ ಸಲವೂ ಸ್ವೆಟರಿನ ಜೊತೆ ಆ ದಾರವನ್ನೂ ಒಗೆಯಲು ಹೇಳಿ. ಮುಂದೆ ಮೊಣಕೈ ಸವೆದು ರಿಪೇರಿಗೆ ಕೂತಾಗ, ಎರಡರ ಬಣ್ಣವೂ ಒಂದೇ ಹದಕ್ಕೆ ಮಾಸಿರುತ್ತದೆ.