ಟೋಕಿಯೋದಲ್ಲಿ ಸಂಸಾರ: ಮೊದಲು ಕಸ, ಆಮೇಲೆ ಊಟ

ಟೋಕಿಯೋಗೆ ಬರುವ ನಮ್ಮವರು ಮೊದಲು ಕೇಳುವುದು ಊಟದ ವಿಷಯ. ನಾನು ಮೊದಲು ಹೇಳುವುದು ಕಸದ ವಿಷಯ. ಅಕ್ಕಪಕ್ಕದವರು ನಮ್ಮನ್ನು ತಮ್ಮವರಲ್ಲಿ ಒಬ್ಬರು ಅಂತ ನೋಡುತ್ತಾರೋ ಇಲ್ಲವೋ ಅನ್ನೋದು ಇಲ್ಲಿ ಬಹಳ ಮಟ್ಟಿಗೆ ಕಸ ಇಡುವ ಜಾಗದಲ್ಲೇ ತೀರ್ಮಾನವಾಗುತ್ತದೆ.

ನಾನಿರುವುದು ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ. 2000ದ ಹೊತ್ತಿಗೆ ವೈಟುಕೆ, ಅಂದರೆ 2000ನೇ ಇಸವಿಗೆ ಕಂಪ್ಯೂಟರುಗಳ ತಾರೀಖು ತಪ್ಪದ ಹಾಗೆ ಸರಿಪಡಿಸುವ ಕೆಲಸಕ್ಕೆ ಬಂದ ಭಾರತದ ಎಂಜಿನಿಯರುಗಳು ಇಲ್ಲಿ ಮನೆ ಮಾಡಿದರು. ತೋಝಾಯ್ ಮೆಟ್ರೋ ಹತ್ತಿದರೆ ಒಟೆಮಾಚಿಯ ಆಫೀಸುಗಳಿಗೆ ನೇರ ದಾರಿ. ಈಗ ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು ಎಲ್ಲವೂ ಸಿಗುತ್ತವೆ. ಆದರೂ ನಾನು ಜಪಾನಿಯರೇ ಜಾಸ್ತಿ ಇರುವ ಒಂದು ಹಳೆಯ ಕಟ್ಟಡವನ್ನು ಬೇಕಂತಲೇ ಆರಿಸಿಕೊಂಡೆ. ಬಂದ ಮೇಲೆ ಈ ಜನರ ಜೊತೆ ಬದುಕಬೇಕು ಅನ್ನೋ ಆಸೆ.

ಹೊಸ ಮನೆಗೆ ಬಂದವರು ಎಡ, ಬಲ, ಮೇಲೆ, ಕೆಳಗಿನ ಮನೆಗಳಿಗೆ ಹೋಗಿ ಸಣ್ಣ ಉಡುಗೊರೆ ಕೊಟ್ಟು ಪರಿಚಯ ಹೇಳಿಕೊಳ್ಳುವುದು ಇಲ್ಲಿನ ಹಳೆಯ ರೂಢಿ. ದೊಡ್ಡ ಊರುಗಳಲ್ಲಿ ಈಗ ಎಷ್ಟೋ ಜನ ಬಿಟ್ಟಿದ್ದಾರೆ. ನಾನು ಬಿಡಲಿಲ್ಲ. ಕೈ ಒರೆಸುವ ಟವೆಲ್, ಒಂದು ಬಿಸ್ಕತ್ತಿನ ಡಬ್ಬ ತೆಗೆದುಕೊಂಡು ಹೋದೆ. "ಮನೆಯಲ್ಲಿ ಚಿಕ್ಕ ಮಗು ಇದೆ, ಓಡಾಡುತ್ತದೆ. ಸದ್ದು ಜಾಸ್ತಿಯಾದರೆ ದಯವಿಟ್ಟು ಹೇಳಿ" ಅಂತ ನಾನೇ ಮೊದಲು ಹೇಳಿದೆ. ಇದು ಮುಖ್ಯ. ಇಲ್ಲಿ ಯಾರೂ ಬಾಗಿಲು ತಟ್ಟಿ ಜಗಳಕ್ಕೆ ಬರುವುದಿಲ್ಲ. ಕಟ್ಟಡ ನೋಡಿಕೊಳ್ಳುವವರಿಗೆ ಫೋನ್ ಮಾಡುತ್ತಾರೆ. ನಾಲ್ಕು ದಿನ ಬಿಟ್ಟು ನೋಟಿಸ್ ಬೋರ್ಡಿನಲ್ಲಿ ಯಾರ ಹೆಸರೂ ಇಲ್ಲದ ಚೀಟಿ ಕಾಣಿಸುತ್ತದೆ. ಅಷ್ಟರಲ್ಲಿ ಮನಸ್ಸು ಕೆಟ್ಟಿರುತ್ತದೆ, ಅಲ್ವಾ?

ಕೆಳಮನೆಯ ಅಜ್ಜಿಗೆ ಆ ಮಾತು ಹಿಡಿಸಿತು. ಕಸದ ಬಗ್ಗೆ ಕೇಳಿದಾಗ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಕೆಳಗೇ ಇಳಿದು ಬಂದರು. ವಾರ್ಡ್ ಆಫೀಸು ಕೊಡುವ ಪಟ್ಟಿಯಲ್ಲಿ ಎಲ್ಲ ಇದೆ, ನಿಜ. ಆದರೆ ಪಟ್ಟಿ ಓದಿದರೆ ಕೈಗೆ ಅಭ್ಯಾಸವಾಗುವುದಿಲ್ಲ. ಸುಡುವ ಕಸ ನಮ್ಮ ಬೀದಿಯಲ್ಲಿ ವಾರಕ್ಕೆ 2 ಸಲ, ಬೆಳಿಗ್ಗೆ 8ರೊಳಗೆ ಇಡಬೇಕು. ಹಿಂದಿನ ರಾತ್ರಿ ಇಟ್ಟರೆ ಕಾಗೆಗಳು ಚೀಲ ಹರಿದು ಬೀದಿ ತುಂಬ ಎಳೆದಾಡುತ್ತವೆ. ಇಟ್ಟ ಮೇಲೆ ಕಾಗೆ ತಡೆಯಲು ಹೊದಿಸುವ ಬಲೆಯ ಅಂಚನ್ನು ಚೀಲದ ಕೆಳಗೆ ಸೇರಿಸಬೇಕು. ಸುಮ್ನೆ ಮೇಲೆ ಹೊದಿಸಿದರೆ ಕಾಗೆ ಎತ್ತಿಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬೇರೆ, ಲೇಬಲ್ ಬೇರೆ, ಬಾಟಲಿ ತೊಳೆದು ಬೇರೆ. ಪೂರಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವ ಹಾಗಿಲ್ಲ. ಎಣ್ಣೆ ಗಟ್ಟಿ ಮಾಡುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಬಿಸಿ ಎಣ್ಣೆಗೆ ಹಾಕಿ ಕಲಸಿದರೆ ಆರಿದ ಮೇಲೆ ಬಿಲ್ಲೆಯಾಗಿ ಏಳುತ್ತದೆ. ಅದನ್ನು ಸುಡುವ ಕಸಕ್ಕೆ ಹಾಕುತ್ತೇನೆ. ಹಳೆಯ ಮೇಜು, ಹಾಸಿಗೆ ಬಿಸಾಡಲೂ ದುಡ್ಡು ಕೊಡಬೇಕು. ಮೊದಲು ದಿನ ಗೊತ್ತುಮಾಡಿಕೊಂಡು, ಕನ್ವೀನಿಯನ್ಸ್ ಸ್ಟೋರಿನಲ್ಲಿ ಚೀಟಿ ಕೊಂಡು ಅಂಟಿಸಬೇಕು.

ಇನ್ನು ಊಟ. "ಮಾಂಸ ತಿನ್ನುವುದಿಲ್ಲ" ಅಂದರೆ ಸಾಲದು. ಮೀನನ್ನು ಇಲ್ಲಿ ಎಷ್ಟೋ ಜನ ಮಾಂಸದ ಲೆಕ್ಕಕ್ಕೇ ಸೇರಿಸುವುದಿಲ್ಲ. ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಸೂಪು, ಸೋಬಾ ನೂಡಲ್ಸಿನ ತಿಳಿ, ಬೇಯಿಸಿದ ತರಕಾರಿ, ಎಲ್ಲದರ ಅಡಿಯಲ್ಲೂ ದಾಶಿ ಎಂಬ ರುಚಿಯ ಕಟ್ಟು ಇರುತ್ತದೆ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೋ ಮೀನಿನ ಎಸಳಿನಿಂದ ತೆಗೆಯುತ್ತಾರೆ. ನಾನು ಜಪಾನಿಯಲ್ಲಿ ಒಂದು ಚೀಟಿ ಬರೆಸಿಕೊಂಡೆ: ಮಾಂಸ, ಮೀನು, ಮೀನಿನ ದಾಶಿ ಬೇಡ, ಮೊಟ್ಟೆ, ಹಾಲು ಆಗುತ್ತದೆ. ಬೇಡದ್ದರ ಜೊತೆ ಆಗುವುದನ್ನೂ ಬರೆದರೆ ಬಡಿಸುವವರಿಗೆ ನಿರಾಳ. ಆಫೀಸಿನ ಊಟವಿದ್ದರೆ ಜಾಗ ಬುಕ್ ಮಾಡುವವರಿಗೆ ವಾರದ ಮುಂಚೆಯೇ ಕೊಡುತ್ತೇನೆ. ಎಲ್ಲರೂ ಕುಳಿತ ಮೇಲೆ ಹೇಳಿದರೆ ಕರೆದವರಿಗೆ ಮುಜುಗರ.

ಚೀಟಿ ಓದಿದ ಅಜ್ಜಿ, ಬೌದ್ಧ ದೇವಸ್ಥಾನಗಳ ಅಡುಗೆಯಲ್ಲಿ ಮೀನೇ ಇರುವುದಿಲ್ಲ, ಅದನ್ನು ಕಲಿ ಅಂದರು. ಕೊಂಬು ಎಂಬ ಸಮುದ್ರದ ಸೊಪ್ಪು, ಒಣಗಿದ ಶಿಇಟಾಕೆ ಅಣಬೆ, ಎರಡನ್ನೂ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆಗೆ ದಾಶಿ ತಯಾರು. ಅವರ ಮನೆಯಲ್ಲೇ ಅದರ ಮಿಸೋ ಸೂಪು ಕುಡಿದೆವು. ಊಟಕ್ಕೆ ಮುಂಚೆ ಚಾಪ್‌ಸ್ಟಿಕ್ ಬಗ್ಗೆಯೂ ಕೇಳಿಕೊಂಡೆ. ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಇಡುವ ಎಡೆ. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತಿಂಡಿ ದಾಟಿಸಬಾರದು. ಶವ ಸುಟ್ಟ ಮೇಲೆ ಮನೆಯವರು ಮೂಳೆಗಳನ್ನು ಚಾಪ್‌ಸ್ಟಿಕ್‌ನಲ್ಲೇ ಆರಿಸಿ ಕುಂಡಕ್ಕೆ ಹಾಕುತ್ತಾರೆ. ಅಸ್ಥಿ ಸಂಚಯನ ನೋಡಿದ ನನಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಈಗ ತಿಂಗಳಿಗೊಮ್ಮೆ ಅಜ್ಜಿಗೆ ತಿಳಿಸಾರು ಕೊಡುತ್ತೇನೆ, ಖಾರ ಕಡಿಮೆ ಹಾಕಿ. ಪಾತ್ರೆ ಖಾಲಿ ವಾಪಸ್ ಬರುವುದಿಲ್ಲ. ಹೋದ ಸಲ ಅದರಲ್ಲಿ ಪರ್ಸಿಮನ್ ಹಣ್ಣು, ಜೊತೆಗೆ ಹೊಸ ವರ್ಷದ ರಜೆಯಲ್ಲಿ ಕಸದ ಗಾಡಿ ಬಾರದ ದಿನಗಳ ಪಟ್ಟಿ ಇತ್ತು.