ಸ್ಯಾನ್ ಫ್ರಾನ್ಸಿಸ್ಕೋ ವಿಮಾನಕ್ಕೆ ಶಿವಮೊಗ್ಗದಿಂದ ಕಾರು ಬಿಡುವ ಲೆಕ್ಕ

ವಿಮಾನದಲ್ಲಿ ಬರುವ ಗಿರಾಕಿಯನ್ನು ಕರೆತರಲು ಶಿವಮೊಗ್ಗದಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ನಮ್ಮ ಬಾಡಿಗೆ ಕಾರಿಗೆ ಊಟ, ಡೀಸೆಲ್ ಸೇರಿ ಸುಮಾರು ಏಳು ಗಂಟೆ ಬೇಕು. ದುಬೈ ವಿಮಾನವಾದರೆ ಅದು ಅಲ್ಲಿಂದ ಮೇಲೇಳುವ ಮೊದಲೇ ಇಲ್ಲಿ ಕಾರು ಹೊರಟಿರಬೇಕಾದ್ದರಿಂದ ಲೆಕ್ಕಕ್ಕೆ ಎಡೆಯೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬರುತ್ತಿದ್ದ ವಿಮಾನದ್ದು ಹಾಗಿರಲಿಲ್ಲ. ಅದು ಮೇಲೆದ್ದ ಗಳಿಗೆಯನ್ನು ಹಿಡಿದು ಲೆಕ್ಕ ಹಾಕಿದರೆ ಸಾಕು ಎಂದು ನಾನು ಹೇಳಿದಾಗ, ‘ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ಇರುವಾಗ ನಿಮ್ಮ ಗಣಿತ ಯಾಕೆ ಸ್ವಾಮಿ’ ಎಂದು ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನವರೆಲ್ಲ ನಕ್ಕಿದ್ದರು. ಆದರೆ ನಾವು ತೀರ್ಮಾನ ಮಾಡುವುದಕ್ಕೆ ಮುಂಚಿನ ಕೆಲವು ಗಂಟೆ ವಿಮಾನ ಉತ್ತರ ಧ್ರುವದ ಆಸುಪಾಸಿನಲ್ಲಿರುತ್ತಿತ್ತು. ಅಲ್ಲಿ ವಿಮಾನದ ಸಂಕೇತ ಹಿಡಿಯುವ ನೆಲದ ಮೇಲಿನ ರಿಸೀವರುಗಳಿಲ್ಲದ ಕಾರಣ ಆ್ಯಪ್ ತೋರಿಸುವುದು ಬಹುಪಾಲು ಅಂದಾಜಿನ ಜಾಗವನ್ನೇ.

ಮೊದಲು ಎಲ್ಲರಂತೆ 14,000 ಕಿ.ಮೀ. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಹದಿನೈದೂವರೆ ಗಂಟೆ ಎಂದು ಹಿಡಿದೆ. ಕಾರು ಪ್ರತಿ ಸಲವೂ ಬೇಗ ಹೋಗಿ ನಿಂತಿತು. ಡ್ರೈವರ್ ಬಾಟಾ, ಪಾರ್ಕಿಂಗ್ ಎಂದು ಒಂದೊಂದು ಟ್ರಿಪ್ಪಿಗೂ ಸಾವಿರದ ಇನ್ನೂರು, ಸಾವಿರದ ಐನೂರು ಕೈಬಿಟ್ಟಿತು. ಟಿಕೆಟ್ಟಿನ ಸಮಯವನ್ನು ನಂಬಿದಾಗಲೂ ಹೆಚ್ಚು ಉಳಿಯಲಿಲ್ಲ, ಏಕೆಂದರೆ ಅದರಲ್ಲಿ ರನ್‌ವೇಗೆ ಸಾಗುವ ಹೊತ್ತೂ ಸೇರಿರುತ್ತದೆ, ಒಂದಿಷ್ಟು ಸಡಿಲವೂ ಇರುತ್ತದೆ.

ತೊಡಕು ಬಿಡಿಸಿಕೊಂಡದ್ದು ಹಾದಿಯನ್ನೇ ಅಳೆದಾಗ. ಮಗಳ ಗ್ಲೋಬಿನ ಮೇಲೆ ದಾರ ಎಳೆದು ನೋಡಿದರೆ ಅತಿ ಹತ್ತಿರದ ಹಾದಿ ಧ್ರುವವನ್ನು ಮುಟ್ಟುವುದೇ ಇಲ್ಲ; ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಸೈಬೀರಿಯಾ, ಟಿಬೆಟ್, ನೇಪಾಳದ ಮೇಲಿಂದ ಇಳಿಯುತ್ತದೆ. ಟಿಬೆಟ್ಟಿನ ಎತ್ತರದ ನೆಲದ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಬೇಗ ಕೆಳಗಿಳಿಯಲು ಜಾಗವಿಲ್ಲವಾದ್ದರಿಂದ ವಿಮಾನಗಳು ಆ ಭಾಗವನ್ನು ಆದಷ್ಟು ತಪ್ಪಿಸುತ್ತವೆ. ನೆಟ್ಟಗೆ ಧ್ರುವದ ಮೇಲೆ ಬಂದರೆ ಎಷ್ಟು ಸುತ್ತಾಗುತ್ತದೆ ಎಂದು ಎಕ್ಸೆಲ್‌ನಲ್ಲಿ ಹಾಕಿದಾಗ ನನಗೇ ಅಚ್ಚರಿಯಾಯಿತು: ಸುಮಾರು 14,360 ಕಿ.ಮೀ., ಅಂದರೆ ನಾನೂರಕ್ಕೂ ಕಡಿಮೆ ಹೆಚ್ಚುವರಿ. ಜೊತೆಗೆ ಪಶ್ಚಿಮದಿಂದ ಪೂರ್ವಕ್ಕೆ ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿಯಾದ ಜೆಟ್ ಸ್ಟ್ರೀಮ್‌ನ ಎದುರು ಹೊಡೆತವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಇಲ್ಲಿಂದ ಹೋಗುವಾಗ ಅದೇ ಗಾಳಿ ಪೆಸಿಫಿಕ್ ಮೇಲೆ ಬೆನ್ನಿಗಿದ್ದು ಸುಮಾರು ಹದಿನಾರು ಗಂಟೆಗೆ ಮುಟ್ಟಿಸುತ್ತಿತ್ತು. ಬರುವಾಗ ಹದಿನೇಳು, ಕೆಲವೊಮ್ಮೆ ಅದಕ್ಕೂ ಮಿಗಿಲು.

ಆದ್ದರಿಂದ ವಿಮಾನ ಮೇಲೆದ್ದ ಸಮಯಕ್ಕೆ ಹದಿನೇಳು ಗಂಟೆ, ತಿಂಗಳಿಗೆ ತಕ್ಕ ಗಾಳಿಯ ತಿದ್ದುಪಡಿ, ಇಮಿಗ್ರೇಷನ್ ಮತ್ತು ಲಗೇಜಿಗೆ ಒಂದೂಕಾಲು ಗಂಟೆ ಕೂಡಿಸಿ, ಅದರಲ್ಲಿ ಏಳು ಗಂಟೆ ಕಳೆದಾಗ ಕಾರು ಬಿಟ್ಟರೆ, ನೆನಪಿದ್ದಂತೆ ಹತ್ತರಲ್ಲಿ ಎಂಟು ಸಲ ಇಪ್ಪತ್ತು ನಿಮಿಷದೊಳಗೆ ಹೊಂದುತ್ತಿತ್ತು. ಆ ತಿದ್ದುಪಡಿಯ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡಲಾರೆ. ಹೊಟ್ಟೆಪಾಡಿನ ಗುಟ್ಟು ಅದೊಂದೇ.

ತಾರೀಖಿನ ವಿಷಯದಲ್ಲಿ ಗಿರಾಕಿಯನ್ನೂ ನಂಬಬೇಡಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ತಂಡ ಧ್ರುವದ ಮೇಲಿಂದ ತಂದ ಏರ್ ಇಂಡಿಯಾ ವಿಮಾನ 9ರ ರಾತ್ರಿ ಹೊರಟು ಇಲ್ಲಿ 11ರ ನಸುಕಿಗೆ ಇಳಿದಿತ್ತು. ಎರಡೂ ಊರುಗಳ ನಡುವಿನ ಗಡಿಯಾರದ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ.

ಇದೇ ಲೆಕ್ಕವನ್ನು ಸುಮಾರು 12,400 ಕಿ.ಮೀ. ದೂರದ ದೆಹಲಿ ಹಾದಿಗೂ ಹಚ್ಚಿ ನೋಡಿದೆ. ವಿಮಾನ ಇಳಿಯುವ ಹೊತ್ತು ಹೊಂದಿದರೂ, ಅಲ್ಲಿಂದ ಬೆಂಗಳೂರಿಗೆ ಬೇರೆ ವಿಮಾನ ಹಿಡಿಯುವವರ ವಿಷಯದಲ್ಲಿ ಲೆಕ್ಕ ನಿಲ್ಲಲಿಲ್ಲ. ಅಂಥ ಟ್ರಿಪ್ಪುಗಳಿಗೆ ಈಗಲೂ ವೇಟಿಂಗ್ ಹಣವನ್ನು ಮೊದಲೇ ಸೇರಿಸಿಯೇ ಬಾಡಿಗೆ ಹೇಳುತ್ತೇನೆ.